ಮೊಣಕಾಲೆತ್ತರದ ಗೋಡೆ

ನಮ್ಮ ಲಿಫ್ಟು ಚಿಲ್ಲರೆ ಕೇಳುತ್ತದೆ.
ಇಪ್ಪತ್ತು ತೆತ್ರಿ ಹಾಕಿದರೆ ಒಂಬತ್ತನೇ ಮಹಡಿ,
ಹಾಕದಿದ್ದರೆ ಕಾಲು.
ಮಾರ್ಚಿನಲ್ಲೊಂದು ಸಂಜೆ ಜೇಬು ಬರಿದು.
ಆರನೇ ಮಹಡಿಗೆ ಉಸಿರು ತೀರಿ
ಮೆಟ್ಟಿಲ ಮೇಲೆ ಕುಸಿದು ಕೂತೆ,
ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ,
ಬಡಾವಣೆಗೆಲ್ಲ ರಕ್ತದೊತ್ತಡದ ಗುಳಿಗೆ ಎಣಿಸಿ ಕೊಡುವವಳು.

ಗ್ಲ್‌ದಾನಿ, ತ್ಬಿಲಿಸಿಯ ಬಡಗಣ ತುದಿ.
ಸೋವಿಯತ್ತರು ಎರಕ ಹೊಯ್ದು ಬಿಟ್ಟುಹೋದ ಕಾಂಕ್ರೀಟು,
ಕಟ್ಟಡದಿಂದ ಕಟ್ಟಡಕ್ಕೆ ಬಟ್ಟೆ ಒಣಗುವ ಹಗ್ಗ,
ನಡುವೆ ನೀರು ಕಂಡು ಎಷ್ಟು ಕಾಲವಾಯಿತೋ, ಒಂದು ಕಾರಂಜಿ.
ಅದರ ಅಂಚಿನ ಮೇಲೆ ಹುಡುಗರು
ಬೆಕ್ಕುಗಳ ಹಾಗೆ ಓಡುತ್ತಾರೆ, ಹಾರುತ್ತಾರೆ,
ಕಂಬಿ ಹಿಡಿದು ತೂಗಿ ಇನ್ನೆಲ್ಲೋ ಇಳಿಯುತ್ತಾರೆ.
ಪಾರ್ಕೂರ್ ಅಂತೆ.

ಅವರಲ್ಲೊಬ್ಬ ವಖುಷ್ತಿ, ನಾಲ್ಕನೇ ಮಹಡಿಯ ಎತೇರಿಯ ಮಗ.
ಕೇಳಿಯೇಬಿಟ್ಟೆ. ಅವನು ನಗಲಿಲ್ಲ.
"ಹಾರುವುದು ಆಮೇಲೆ, ಲಮ್ಜೀರಾ ಚಿಕ್ಕಮ್ಮಾ,
ಮೊದಲು ಬೀಳಿ."

ನಲವತ್ತೊಂದರಲ್ಲಿ ಬೀಳುವ ವಿದ್ಯೆ!
ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದುಂಟಲ್ಲ,
ಇಲ್ಲಿ ಮಣ್ಣಾಗಲೇಬೇಕು:
ಬಲಭುಜ ಮೊದಲು, ಬೆನ್ನಿನ ಓರೆ, ಆಮೇಲೆ ಎಡ ಸೊಂಟ,
ತಲೆಯನ್ನು ಮಾತ್ರ ಸಾಲದ ಪಾತ್ರೆಯಂತೆ
ಜೋಪಾನವಾಗಿ ಒಳಗೆಳೆದುಕೊಂಡು.
ಬೆಂಚಿನ ಹೆಂಗಸರು ಸೂರ್ಯಕಾಂತಿ ಬೀಜದ ಸಿಪ್ಪೆ
ಉಗುಳುವುದನ್ನೂ ಮರೆತರು.
"ಅಂಗಡಿಯದು ಯಾವ ಗುಳಿಗೆ ನುಂಗಿದಳೋ!"

ಏಪ್ರಿಲ್ ಇಡೀ ಬಿದ್ದೆ.
ಭುಜಕ್ಕೆ ಹುಳಿ ಪ್ಲಮ್ಮಿನ ಬಣ್ಣ ಬಂತು, ಹೋಯಿತು.
ಒಂದು ದಿನ ಅವನು ಕಾರಂಜಿಯ ಅಂಚು ತೋರಿಸಿದ:
"ಈಗ ಇದು."

ಮೊಣಕಾಲೆತ್ತರದ ಗೋಡೆ.
ಓಡಿ ಬಂದೆ, ನಿಂತೆ.
ಮತ್ತೆ ಓಡಿ ಬಂದೆ. ಮತ್ತೆ ನಿಂತೆ.
"ಗೋಡೆ ನೋಡಬೇಡಿ, ಆಚೆ ಕಾಲಿಡುವ ಜಾಗ ನೋಡಿ,"
ಚೂಯಿಂಗ್ ಗಮ್ ಜಗಿಯುತ್ತ ಅಂದ.
ಆಚೆ ನನಗೆ ಕಂಡದ್ದು ಹಿಮ.

ಒಂಬತ್ತು ವರ್ಷ ಆಗ. ಸುಖುಮಿ ಹಿಂದೆ ಉರಿಯುತ್ತಿತ್ತು.
ಕಣಿವೆಯ ದಾರಿಯಲ್ಲಿ ಒಂದು ತೊರೆ.
ಎಲ್ಲರೂ ದಾಟಿದರು. "ಹಾರು," ಅಂದಳು ಅಮ್ಮ.
ನಾನು ಹಾರಲಿಲ್ಲ.
ಬೆನ್ನ ಮೇಲಿನ ಹೊಲಿಗೆ ಯಂತ್ರವನ್ನು ಅವಳು
ಹಿಮದಲ್ಲಿ ಇಳಿಸಿದಳು, ಮೆತ್ತಗೆ, ನಿದ್ದೆ ಹೋದ ಕೂಸನ್ನು ಮಲಗಿಸುವಂತೆ,
ನನ್ನನ್ನು ಎತ್ತಿಕೊಂಡಳು.
ಇಂದಿನವರೆಗೆ ಅದರ ಮಾತೆತ್ತಿಲ್ಲ.

ಮೂರು ಸಂಜೆ ಹಾಗೆಯೇ ಮನೆಗೆ ನಡೆದೆ.
ನಾಲ್ಕನೆಯ ದಿನ
ಕೆಮ್ಮಿನ ಔಷಧಿಗೆ ಎರಡು ಲಾರಿ ಹೆಚ್ಚು ತೆಗೆದುಕೊಂಡೆನೆಂದು
ಯಾರೋ ಅಂಗಡಿಯಲ್ಲಿ ಕೂಗಾಡಿದ್ದ.
ಅವನಿಗೆ ಕೊಡಬೇಕಾಗಿದ್ದ ಉತ್ತರ ಈಗ ಹೊಳೆದು
ಬಾಯಲ್ಲೇ ಬೈಯುತ್ತ ಓಡಿದವಳು
ನಿಲ್ಲುವುದನ್ನು ಮರೆತೆ.

ಗೋಡೆಗೂ ಕಿವಿಯುಂಟು ಎನ್ನುತ್ತಾರೆ.
ಇದಕ್ಕೆ ಅಂಗೈಯೂ ಇತ್ತು,
ಇಡೀ ದಿನದ ಬಿಸಿಲು ಹಿಡಿದಿಟ್ಟುಕೊಂಡು ಬೆಚ್ಚಗೆ.
ನನ್ನ ಕೈ ಅದರ ಮೇಲೆ ಒಂದು ಕ್ಷಣ,
ಕಾಲೆರಡೂ ಪಕ್ಕದಿಂದ,
ದೊಪ್ಪೆಂದು ಆಚೆ.

"ಸದ್ದು ಜಾಸ್ತಿಯಾಯಿತು," ಅಂದ ವಖುಷ್ತಿ. "ಮತ್ತೊಮ್ಮೆ."
ಮತ್ತೊಮ್ಮೆ. ಹದಿನೇಳು ಸಲ.
ಹದಿನೆಂಟನೆಯದಕ್ಕೆ ಬೂಟು ಜಾರಿ
ಮಂಡಿ ಕೆತ್ತಿಹೋಯಿತು; ಎಡವಿದ ಕಾಲೇ ಎಡವುವುದು.
ಆದರೆ ಭುಜಕ್ಕೆ ಹೇಳಿಕೊಡಬೇಕಾಗಲಿಲ್ಲ,
ತಾನೇ ಉರುಳಿ ನನ್ನನ್ನು ಎಬ್ಬಿಸಿ ನಿಲ್ಲಿಸಿತು.

ಜೇಬಿನಲ್ಲಿ ಚಿಲ್ಲರೆ ಇತ್ತು. ಮೆಟ್ಟಿಲು ಹತ್ತಿದೆ.
ಏಳನೆಯದರಲ್ಲಿ ನಿಲ್ಲಬೇಕಾಯಿತು, ನಿಜ.
ಆರರಲ್ಲಿ ಅಲ್ಲ.

ಬಾಲ್ಕನಿಯಿಂದ ನೋಡಿದ್ದಳು ಅಮ್ಮ.
ಚಹಾ ಬಸಿಯುತ್ತ ಕೇಳಿದಳು: "ಎಷ್ಟಗಲ ಇದೆ, ಆ ಅಂಚು?"
ಕೈ ಚಾಚಿ ತೋರಿಸಿದೆ.
ಅವಳು ನೋಡಿದಳು, ನನ್ನ ಎರಡು ಅಂಗೈಗಳ ನಡುವಿನ ಗಾಳಿಯನ್ನು.
"ತೊರೆ ಇನ್ನೂ ಕಿರಿದಿತ್ತು," ಅಂದಳು.

ಆಮೇಲೆ ಎಲೆಕೋಸಿನ ಒಂದೆಲೆ ಬಿಡಿಸಿ
ಲಟ್ಟಣಿಗೆಯಿಂದ ಜಜ್ಜಿ
ನನ್ನ ಮಂಡಿಗೆ ಕಟ್ಟತೊಡಗಿದಳು.
ಮೂರು ಬಗೆಯ ಮುಲಾಮು ಮಾರುವವಳು ನಾನು,
ತೆಪ್ಪಗೆ ಕಾಲು ಚಾಚಿ ಕೂತೆ.