ಅಳತೆ ಪುಸ್ತಕದ ಕೊನೆಯ ಹಾಳೆ

ಗಾಂಧಿ ಬಜಾರಿನ ಒಳಗಲ್ಲಿ, ಪಾತ್ರೆ ಅಂಗಡಿಯ ಮಹಡಿ.
ನನ್ನ ಹೊಲಿಗೆ ಮಿಷನ್ನು, ಅದರ ಪಕ್ಕ ಅಳತೆ ಪುಸ್ತಕ.
ಮುಂದಿನಿಂದ ತೆರೆದರೆ ಊರ ಹೆಂಗಸರ ಎದೆ, ಸೊಂಟ, ತೋಳು;
ಹಿಂದಿನಿಂದ ತೆರೆದರೆ ಮೂಲ್ಕಿ.

ಮೂಲ್ಕಿ: ಎರಡು ರಾತ್ರಿ, ಮೂರು ಜನ.
ಶಾಹಿದಾ, ಬಳೆಯಂಗಡಿ.
ಫಿಲೋಮಿನಾ, ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡು.
ನಾನು, ಗುಣವತಿ.
ಮೂವರ ವಯಸ್ಸು ಕೂಡಿದರೆ ನೂರಾ ಐವತ್ತೆಂಟು,
ಫಿಲೋಮಿನಾ ಹೇಳಿದ್ದನ್ನು ನಂಬಿದರೆ.

ಶುರುವಾದದ್ದು ಶಾಹಿದಾಳ ಫೋನಿನಲ್ಲಿ.
ಯಾರೋ ಹೆಂಗಸು, ನಮ್ಮಷ್ಟೇ ದಪ್ಪ,
ಹಲಗೆ ಮೇಲೆ ಬೋರಲು ಬಿದ್ದವಳು ತಟ್ಟನೆದ್ದು
ಅಲೆಯ ಮೇಲೆ ನಿಂತೇಬಿಟ್ಟಳು,
ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತ ಹಾಗೆ.
"ಇಷ್ಟೇನಾ?" ಅಂದಳು ಶಾಹಿದಾ,
"ಮೂವತ್ತು ವರ್ಷದಿಂದ ಮಾಡ್ತಾ ಇದೀವಲ್ಲ."

ಅಲ್ಲಿ ಕಲಿಸುವ ಹುಡುಗನಿಗೆ ಫೋನು ಹಚ್ಚಿದೆವು.
ಎಷ್ಟು ಗಂಟೆಗೆ ಬರಬೇಕು? ಬಂದಾಗ ಬನ್ನಿ.
ಈಜು ಬರಲ್ಲ. ಸೊಂಟದ ನೀರಿನಲ್ಲೇ ಶುರು, ನಾನುಂಟಲ್ಲ.
ಊಟ? ಮೀನುಂಟು, ಗಂಜಿಯುಂಟು,
ಎರಡು ತೆಂಗಿನ ನಡುವೆ ಬಲೆತೊಟ್ಟಿಲುಂಟು.
ಮುಂಗಡ ಎಷ್ಟು? ಅದೆಲ್ಲ ಆಮೇಲೆ ಮಾರಾಯ್ರೆ,
ಕಡಲು ಎಲ್ಲಿಗೂ ಹೋಗುವುದಿಲ್ಲ.

ಫೋನಿಟ್ಟ ಮೇಲೆ ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.
ಅವಸರವಿಲ್ಲದ ಗಂಡು ದನಿ ಕೇಳಿ
ಎಷ್ಟು ದಿನವಾಗಿತ್ತೋ.

ದಿನ ಹುಡುಕುವುದೇ ಪಾಡು.
ಮದುವೆ ತಿಂಗಳು ನನಗಾಗದು, ಹಬ್ಬದ ಮುಂಚೆ ಶಾಹಿದಾಗೆ,
ಹೆರುವವರು ಫಿಲೋಮಿನಾಳನ್ನು ಕೇಳಿ ಹೆರುವುದಿಲ್ಲ,
ಜೂನ್ ಬಂದರೆ ಕಡಲೇ ಆಗದು ಅನ್ನುತ್ತದೆ.
ಅಳಿಸಿ ಬರೆದು ಅಳಿಸಿ ಹಾಳೆ ತೂತಾಗುವ ಹೊತ್ತಿಗೆ
ಸಿಕ್ಕಿತು ಧನುರ್ಮಾಸದಲ್ಲೊಂದು ಮಂಗಳವಾರ,
ಕ್ರಿಸ್‌ಮಸ್ಸಿನ ಆಚೆ, ಸಂಕ್ರಾಂತಿಯ ಈಚೆ.

ಮನೆಯಲ್ಲಿ ಏನನ್ನೋದು?
"ಕೊಲ್ಲೂರು ಅಂತೀನಿ" ಅಂದೆ.
"ನಾನೂ ಕೊಲ್ಲೂರು ಅನ್ನಲಾ?" ಅಂದಳು ಶಾಹಿದಾ.
ನಕ್ಕು ನಕ್ಕು ಫಿಲೋಮಿನಾ ಗುಂಡುಸೂಜಿ ಡಬ್ಬಿ ಚೆಲ್ಲಿದಳು.
ಆರಿಸುತ್ತಾ ಆರಿಸುತ್ತಾ ತೀರ್ಮಾನವಾಯಿತು:
ಇದ್ದದ್ದು ಇದ್ದ ಹಾಗೇ ಹೇಳುವುದು,
ಆದರೆ ಹೊರಡುವ ಹಿಂದಿನ ರಾತ್ರಿ.

ಗಂಗಾ ಸ್ನಾನ, ತುಂಗಾ ಪಾನ ಅನ್ನುತ್ತಾರೆ;
ಕಡಲಿಗೆ ಯಾರೂ ಗಾದೆ ಕಟ್ಟಲಿಲ್ಲ ನಮ್ಮೂರಲ್ಲಿ.
ತುಂಗೆಯೂ ಹಾಗೇ. ಕೂಗಳತೆಯ ಪಡುಗಡಲಿಗೆ ಬೆನ್ನು ಹಾಕಿ
ಮೂಡಲಿಗೆ ಹೊರಟಳು, ಸಂಸಾರಸ್ಥೆ.
ನಾವು ಆಗುಂಬೆಯ ಹದಿನಾಲ್ಕು ತಿರುವು ಇಳಿಯುವವರು,
ತಿರುವಿಗೊಂದು ನಿಂಬೆಹಣ್ಣು,
ಅದು ಫಿಲೋಮಿನಾಳ ವಾಂತಿಗೆ.

ಇನ್ನು ಬಟ್ಟೆ.
ಹೆಣ್ಣುಮಕ್ಕಳ ಖೋಖೋ ತಂಡಕ್ಕೆ ಹೊಲಿದು ಉಳಿದದ್ದು
ಒಂದು ಥಾನು, ಎಳೆದರೆ ಹಿಗ್ಗುವ ನೀಲಿ.
ತುಂಬು ತೋಳು, ಮೀನಖಂಡದವರೆಗೆ ಕಾಲು,
ಶಾಹಿದಾಳದಕ್ಕೆ ತಲೆಗೂ ಸೇರಿಸಿ.
ಇಬ್ಬರ ಅಳತೆ ಪುಸ್ತಕದಲ್ಲಿತ್ತು. ನನ್ನದಿರಲಿಲ್ಲ.
ಇಷ್ಟು ವರ್ಷ ಹಳೇ ರವಿಕೆ ಇಟ್ಟು ಹೊಸದು ಕತ್ತರಿಸಿದವಳು ನಾನು.
"ಕೈ ಎತ್ತು" ಅಂದಳು ಫಿಲೋಮಿನಾ,
ಟೇಪು ಸುತ್ತಿ, ಕೂಸಿನ ತಲೆ ಅಳೆದ ಹಾಗೆ ಮೆಲ್ಲಗೆ.
ಸಂಖ್ಯೆ ಕೂಗಿದಳು. ಬರೆಯಲು ನನ್ನ ಕೈ ತಡೆಯಿತು.
ಶಾಹಿದಾ ಬರೆದಳು.

ನಿನ್ನೆ ಸಂಜೆ ಷಟರ್ ಅರ್ಧ ಎಳೆದು
ಕತ್ತರಿಸುವ ಹಲಗೆಯನ್ನು ಎರಡು ಥಾನುಗಳ ಮೇಲೆ ಮಲಗಿಸಿದೆವು.
ಸೀರೆ ಸಿಕ್ಕಿಸಿ ನಿಂತೆ. ಕೆಳಗೆ ಬಟ್ಟೆ ಉರುಳಿತು,
ಮೊಣಕಾಲು ತಾನಾಗೇ ಬಾಗಿತು, ಯಾರೂ ಹೇಳಿಕೊಡದೆ.
ಒಂದು, ಎರಡು, ಮೂರು ಎಣಿಸಿದರು.
ನಾಲ್ಕಕ್ಕೆ ನಾನು ಲೈನಿಂಗ್ ಬಟ್ಟೆಯ ರಾಶಿಯಲ್ಲಿ,
ಕೆಳಗಿನ ಪಾತ್ರೆ ಅಂಗಡಿಯವನು ಏನದು ಸದ್ದು ಅಂತ ಕೂಗುತ್ತಿದ್ದ.

ಮೂರೂ ಹೊಲಿದು ಆಯಿತು.
ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದೇನೆ,
ಬೆಳೆಯುವ ಮಕ್ಕಳಿಗೆ ಬಿಡುವ ಹಾಗೆ.