ತಾರಿ ದೋಣಿಯ ಲೆಕ್ಕ

ತದಡಿಯಿಂದ ಅಘನಾಶಿನಿಗೆ ತಲೆಗೆ ಹತ್ತು ರೂಪಾಯಿ.
ಸೈಕಲ್ಲಿಗೆ ಐದು, ಮೀನುಬುಟ್ಟಿಗೆ ಪುಕ್ಕಟೆ,
ಮಂತ್ರ ಕಲಿಯಲು ಬಂದವರಿಗೆ ಇಪ್ಪತ್ತು.
ಅವರ ಗುರುತು ಸುಲಭ:
ಚಪ್ಪಲಿ ಕೈಯಲ್ಲಿ ಹಿಡಿದಿರುತ್ತಾರೆ, ನೀರು ನೋಡುವುದಿಲ್ಲ.

ಹೊಳೆ ಕಡಲಿಗೆ ಬಾಯಿ ಕೊಡುವಲ್ಲಿ, ಗುಡ್ಡದ ಬುಡಕ್ಕೆ
ಕೆಂಪುಕಲ್ಲಿನ ಒಂದು ಪೊಟರೆ.
ಅಮಾಸೆಯ ಇಳಿತಕ್ಕೆ ಮಾತ್ರ ತೆರೆಯುತ್ತದೆ.
ಒಳಗೆ ಅದು ಇದೆ. ಕತ್ತಲಾದ ಮೇಲೆ ಹೆಸರು ಹೇಳಬಾರದು,
ಹುಳ ಅನ್ನುತ್ತೇವೆ. ದೊಡ್ಡ ಹುಳ.
ರೆಕ್ಕೆಗೆ ಕಲ್ಲುಸಿಂಪಿ ಹತ್ತಿ, ಹಾರುವುದು ಬಿಟ್ಟು
ನನ್ನ ಅಜ್ಜನ ಕಾಲವೇ ಆಯಿತಂತೆ.
ಜೋರಾಗಿ ಸೀನಿದರೆ ಈಚೆದಡದಲ್ಲಿ ಹರಡಿದ ಬಂಗಡೆ ಸೀಯುತ್ತದೆ.
ಹೆಂಗಸರು ಬೈಯುತ್ತಾರೆ.
ಅದು ನಾಚಿ ಬಾಲ ಒಳಗೆಳೆದುಕೊಳ್ಳುತ್ತದೆ.

ಅದಕ್ಕೆ ಗೊತ್ತಿಲ್ಲದ ವಿದ್ಯೆಯಿಲ್ಲ:
ಗಾಳಿ ಕಟ್ಟುವುದು, ವಿಷ ಇಳಿಸುವುದು,
ಮುಳುಗಿದ ಮಚವೆಯನ್ನು ಹೆಸರು ಹಿಡಿದು ಕರೆಯುವುದು.
ಕಲಿಸಲು ದಕ್ಷಿಣೆ ಬೇಡ. ಒಗಟು ಒಡೆದರೆ ಸಾಕು.

ಗೋಕರ್ಣದ ಘನಪಾಠಿಗೆ ಕೇಳಿತು:
ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಸಿಗಡಿ,
ಬಟ್ಟಲು ಒಂದೇ, ತೊಳೆದವರಿಲ್ಲ. ಏನದು?
ಅವರು ಕಣ್ಣು ಮುಚ್ಚಿ, ‘ಕಾಲ’ ಅಂದರು.
ಬರುವಾಗ ಅದೇ ಗಜನಿ ಗದ್ದೆಯ ಬದುವಿನ ಮೇಲೆ
ಜಾರಿ ಬಿದ್ದು ಬಂದಿದ್ದರು, ಪಂಚೆಗೆ ಕೆಸರಿತ್ತು.

ಹುಬ್ಬಳ್ಳಿಯ ಕಾರಿನಲ್ಲಿ ಬಂದ ನಿಧಿಯವರಿಬ್ಬರಿಗೆ:
ಎರಡು ಬಾಗಿಲ ಮನೆ, ಕಿಟಕಿಯಿಲ್ಲ,
ಮನೆಗೆ ಬೆಂಕಿ ಬಿದ್ದರೇ ಬಾಗಿಲು ತೆಗೆಯುವುದು.
ಒಬ್ಬ ‘ಮನಸ್ಸು’ ಅಂದ, ಒಬ್ಬ ‘ಮಾಯೆ’ ಅಂದ.
ಹಿಂದಿನ ರಾತ್ರಿ ಖಾನಾವಳಿಯಲ್ಲಿ
ಎರಡು ತಟ್ಟೆ ಬಳಚಿನ ಸುಕ್ಕ ತಿಂದಿದ್ದರು ಇಬ್ಬರೂ.

ತಪ್ಪಿದವರನ್ನು ಹುಳ ತಿನ್ನುವುದಿಲ್ಲ.
ಅವರ ಒಂದು ಗಾದೆ ಕಿತ್ತಿಟ್ಟುಕೊಂಡು ಕಳಿಸುತ್ತದೆ.
ತಿರುಗಿ ಬರುವಾಗ ‘ಕೈ ಕೆಸರಾದರೆ…’ ಎಂದು ಶುರುಮಾಡಿ
ಮುಂದಿನದು ಸಿಗದೆ
ನಡುಹೊಳೆಯಲ್ಲಿ ಬಾಯಿ ತೆರೆದು ಕೂರುತ್ತಾರೆ.
ಅವರ ಹತ್ತಿರ ನಾನು ವಾಪಸು ದುಡ್ಡು ಕೇಳುವುದಿಲ್ಲ.

ಮಂಕಾಳಿ ಬಂದದ್ದು ಹೋದ ಸುಗ್ಗಿ ಮುಗಿದ ಮೇಲೆ.
ಬಳಚು ಹೆಕ್ಕುವವಳು, ಸೊಂಟಕ್ಕೆ ಬುಟ್ಟಿ, ಚಪ್ಪಲಿಯೇ ಇಲ್ಲ.
ಇಪ್ಪತ್ತು ಕೇಳಿದೆ. ‘ಎಂತಕ್ಕೆ? ನಾ ಕಲೀಲಿಕ್ಕೆ ಬಂದವಳಲ್ಲ’
ಎಂದು ಹತ್ತೇ ಕೊಟ್ಟಳು.
ಗದ್ದೆಯ ಒಗಟು, ಚಿಪ್ಪಿನ ಒಗಟು,
ಹೊಸದಾಗಿ ಹೊಸೆದ ಇನ್ನೊಂದು, ಮೂರೂ ಒಡೆದಳಂತೆ,
ನೀರು ಮೊಣಕಾಲಿಗೆ ಬರುವುದರೊಳಗೆ.
‘ಯಾವ ವಿದ್ಯೆ ಬೇಕು?’ ಹುಳ ಕೇಳಿತು.
‘ವಿದ್ಯೆ ಬೇಡ. ನನ್ನಬ್ಬೆ ಬಳಚು ತೊಳೆಯುತ್ತ ಒಂದು ಹೇಳಿದ್ದಳು.
ಉತ್ತರ ನಾಳೆ ಅಂದವಳು
ಆ ರಾತ್ರಿಯೇ ಹೋದಳು. ಅದನ್ನೊಂದು ಹೇಳು:

ಮೂರು ಮನೆಗೆ ಹೋಗಿ ಬಂದೆ,
ನಾಲ್ಕನೆಯದಕ್ಕೆ ಉಪ್ಪಿಲ್ಲ.
ಕೊಟ್ಟವಳ ಕೈ ಒದ್ದೆ,
ತಕ್ಕೊಂಡವಳ ಕಣ್ಣು ಒಣ.
ನಾ ಯಾರು?’

ಹುಳ ನಕ್ಕಿತು. ಆಮೇಲೆ ನಗಲಿಲ್ಲ.
ಭರತ ಬಂತು, ಪೊಟರೆ ಮುಚ್ಚಿತು.
‘ಮುಂದಿನ ಅಮಾಸೆಗೆ ಬಾ’ ಎಂದಿತು ನೀರೊಳಗಿಂದ.

ಏಳು ಅಮಾಸೆ ಕಳೆಯಿತು.
ಈಗ ಮೀನು ಸೀಯುವುದಿಲ್ಲ, ಹೆಂಗಸರಿಗೆ ಬೈಯಲು ಯಾರೂ ಇಲ್ಲ.
ಕಲಿಯಲು ಬಂದವರು ದಡದಲ್ಲೇ ಚಹಾ ಕುಡಿದು ತಿರುಗುತ್ತಾರೆ:
ಹುಳಕ್ಕೆ ಪುರುಸೊತ್ತಿಲ್ಲವಂತೆ.
ನನ್ನ ಇಪ್ಪತ್ತು ರೂಪಾಯಿ ಹೋಯಿತು.
ಕಿತ್ತಿಟ್ಟುಕೊಂಡ ಗಾದೆಗಳನ್ನೆಲ್ಲ ಹರಡಿಕೊಂಡು
ಅದರಲ್ಲಿ ಹುಡುಕುತ್ತಿದೆಯೋ ಏನೋ.

ನಿನ್ನೆ ಕಡೆಯ ಸರ್ತಿ ದಾಟಿಸಿ ಇಂಜಿನ್ ನಿಲ್ಲಿಸಿದೆ.
ಕಾಂಡ್ಲಗಿಡದ ಆಚೆ ಮಂಕಾಳಿ ಬಗ್ಗಿ
ಕಾಲಬೆರಳಲ್ಲಿ ಕೆಸರು ತಡಕುತ್ತಿದ್ದಳು.
ನೀರಡಿಯಿಂದ ಒಂದು ದನಿ,
ಪಾಠ ಒಪ್ಪಿಸುವ ಮಗುವಿನ ಹಾಗೆ:
‘ಕಾಲವಾ?’
‘ಅಲ್ಲ.’
‘ಮನಸ್ಸಾ?’
‘ಅಲ್ಲ’ ಅಂದಳು ತಲೆಯೆತ್ತದೆ,
ಬುಟ್ಟಿಗೆ ಒಂದು ಬಳಚು ಹಾಕುತ್ತ.
ಹೊಳೆ ಬಹಳ ಹೊತ್ತು ಸುಮ್ಮನಿತ್ತು.
‘…ಮಾಯೆಯಾ?’

ಉತ್ತರ ಅವಳಿಗೂ ಗೊತ್ತಿಲ್ಲ.
ಅಲ್ಲ ಎಂಬುದು ಮಾತ್ರ
ಅಬ್ಬೆಯ ಕೈ ಗೊತ್ತಿದ್ದಷ್ಟು ಗೊತ್ತು.