ಚಾಳೀಸು

ಐದೂವರೆಗೇ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೀರಿ,
ಇಬು ಸಿಗ್ರಿಡ್. ಅರವತ್ತೋ, ನೂರ ಐದೋ?
ಬಾಳೆಹಣ್ಣಿನ ಬೋಂಡಾ ತಣ್ಣಗಾಯಿತು.
ಆಚೆ ದಡದಲ್ಲಿ, ಬಿಟುಂಗಿನ ಟ್ಯೂನಾ ಕಾರ್ಖಾನೆ
ಮೊದಲ ಪಾಳಿಯ ಸೈರನ್ ಊದಿತು.
ಕೇಳಿದಿರಿ, ಹೇಳುತ್ತೇನೆ;
ನನ್ನ ಹತ್ತಿರ ಕ್ಯಾಮೆರಾ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅರವತ್ತಕ್ಕೆ ಸಲಿಗೆ ಜಾಸ್ತಿ.
ಮೂತಿಗೆ ಮೂತಿ ತಾಗಿಸಿದರೇ ಅದಕ್ಕೆ ಮಾತು.
ಕಪ್ಪೆಮೀನಿಗೆ ನಡೆಯುತ್ತದೆ, ಅದು ಕೂತಲ್ಲೇ ಕೂತಿರುತ್ತದೆ
ತಾನು ಕಲ್ಲೆಂದು ತಾನೇ ನಂಬಿಕೊಂಡು.
ನೂರ ಐದು ಅಂಗಳದಲ್ಲೇ ನಿಂತು ಕ್ಷೇಮ ವಿಚಾರಿಸುತ್ತದೆ,
ಸಿಗಡಿಯ ಜತೆ ಬಿಲ ಹಂಚಿಕೊಂಡ ಪುಟ್ಟ ಮೀನು
ಬೆಚ್ಚಿ ಒಳಗೋಡದ ಹಾಗೆ.
ನೀರು ಕದಡಿದ ದಿನ ಮಾತ್ರ
ಅಂಗಳದ ತುಂಬ ಕಸವೇ.

ಮುಚ್ಚಳ ಹಾಕಿ, ರಬ್ಬರು ಬಳೆಗೆ ಗ್ರೀಸು ಸವರಿ, ಕೊಂಡಿ ಬಿಗಿದ ಮೇಲೆ
ಒಳಗಿನದು ಬದಲಾಗದು.
ಎಪ್ಪತ್ತು ನಿಮಿಷ ಅದರ ಜತೆಗೇ ಏಗಬೇಕು.
ಬದಲಾಗುವುದು ಹೊರಗಿನದು, ಆ ಒದ್ದೆ ಲೆನ್ಸು,
ಕಿಟಕಿಯ ಬಾಗಿಲಿನಂತೆ ಮಡಚುವ ದಪ್ಪ ಗಾಜು, ಪ್ಲಸ್ ಹತ್ತು.
ಇಳಿದ ಕೂಡಲೇ ಒಮ್ಮೆ ತೆರೆದು ಮುಚ್ಚಿ.
ಮೇಲಿನ ಲೋಕದ ಗಾಳಿ ನಡುವೆ ಗುಳ್ಳೆಯಾಗಿ ಸಿಕ್ಕಿಕೊಂಡಿರುತ್ತದೆ.
ಅದು ಹೋಗದೆ ಯಾವ ಚಿತ್ರವೂ ಇಲ್ಲ.

ಹೋದ ತಿಂಗಳು ಒಬ್ಬರು ಅಂಥವನ್ನು ಎರಡು ಜೋಡಿಸಿ
ಎಳ್ಳಿನಷ್ಟಿದ್ದ ಕೂದಲು ಸಿಗಡಿಯ ಮುಂದೆ
ನಲವತ್ತು ನಿಮಿಷ ಉಸಿರು ಅಳೆದು ಬಿಟ್ಟರು.
ಅವರ ಬೆನ್ನ ಹಿಂದೆ, ಕಪ್ಪು ಮರಳಲ್ಲಿ,
ಹೂಬಣ್ಣದ ಕಟಲ್‌ಮೀನೊಂದು ಗಂಡಿನ ಕಣ್ಣೆದುರಲ್ಲೇ
ತೆಂಗಿನ ಚಿಪ್ಪಿನೊಳಕ್ಕೆ ಒಂದೊಂದೇ ಮೊಟ್ಟೆ ಇಡುತ್ತಿತ್ತು.
ಸಿಲಿಂಡರಿಗೆ ಕೋಲು ಬಡಿದೆ. ತಿರುಗಲಿಲ್ಲ.
ದೋಣಿಗೆ ಬಂದು ತೋರಿಸಿದರು: ಒಂದು ಕೆಂಪು ಕೂದಲು,
ಅರ್ಧ ಕಣ್ಣು, ಮಿಕ್ಕಿದ್ದೆಲ್ಲ ಮಂಜು.
ಚೆನ್ನಾಗಿತ್ತು. ಸುಳ್ಳು ಹೇಳಲಾರೆ.

ಇನ್ನೊಂದು ವಿಷಯ. ರೆಫ್ಲಿ ಹೇಳುವ ಮೊದಲು ನಾನೇ ಹೇಳಿದರೆ ಮೇಲು.
ಓಮ್ ನೋಫ್ರಿಯ ಕಣ್ಣೆಂದರೆ ಈ ಜಲಸಂಧಿಯಲ್ಲಿ ಒಂದು ಮಾತಿತ್ತು.
ಇಪ್ಪತ್ತೆರಡು ವರ್ಷ
ಬೀಸಣಿಗೆ ಹವಳದ ಸಾವಿರ ಮೊಗ್ಗಿನ ನಡುವೆ
ಅಕ್ಕಿಕಾಳಿನ ಕಡಲ್ಗುದುರೆಯನ್ನು ಬರಿಗಣ್ಣಲ್ಲಿ ಆರಿಸಿ ಕೊಟ್ಟವನು.
ಈಚೆಗೆ ಸ್ಲೇಟು ಓದಲು ಕೈಯ ಉದ್ದ ಸಾಲದು.
ಚರ್ಚಿನಲ್ಲಿ ಪುಸ್ತಕ ದೂರ ಹಿಡಿದು ಹಾಡಿದರೆ
ಆಲ್ಚೆ ಸೆರಗಿಲ್ಲದ ಊರಲ್ಲೂ ಬಾಯಿ ಮುಚ್ಚಿಕೊಂಡು ನಗುತ್ತಾಳೆ.
ನವೆಂಬರಿನಲ್ಲಿ ಒಬ್ಬ ಮುದುಕಿಗೆ, ಬಲು ಧೈರ್ಯದಿಂದ,
ಕೋಲಿನ ತುದಿಯಲ್ಲಿ ತೋರಿಸಿದೆ: ಇಗೋ, ಇಲ್ಲಿ.
ಒಂಬತ್ತು ನಿಮಿಷ ತೆಗೆದರು.
ಆಮೇಲೆ ಪರದೆಯ ಮೇಲೆ ದೊಡ್ಡದು ಮಾಡಿ, ಚಿಕ್ಕದು ಮಾಡಿ,
ಮತ್ತೆ ದೊಡ್ಡದು ಮಾಡಿ ನೋಡಿದರು.
ಹವಳದ ಮೊಗ್ಗು. ಬರೀ ಮೊಗ್ಗು.
ಆಕೆ ಏನೂ ಅನ್ನಲಿಲ್ಲ. ಕಾಫಿಗೆ ಸಕ್ಕರೆ ಹಾಕಿ ನನ್ನ ಕೈಗೆ ಕೊಟ್ಟರು.

ಮೊನ್ನೆ ಬಿಟುಂಗಿನ ಕನ್ನಡಕದಂಗಡಿಯೆದುರು
ಈಗ ನೀವು ಕೂತ ಹಾಗೆ ನಾನೂ ನಿಂತಿದ್ದೆ,
ಎರಡೋ, ಎರಡೂವರೆಯೋ ಎಂದು.
ಎರಡೆಂದೆ. ನಾಳೆಯ ಮುಪ್ಪನ್ನು ಇವತ್ತೇ ಕೊಳ್ಳಲು ಮನಸ್ಸಾಗಲಿಲ್ಲ.
ಅರೆಚಂದ್ರದ ತೆಳು ಬಿಲ್ಲೆಗಳು, ಜೋಡಿ;
ಮಾಸ್ಕಿನ ಒಳಗಡೆ, ಕೆಳ ಅಂಚಿಗೆ,
ಬರೀ ನೀರಿನಿಂದ ಅಂಟುತ್ತವೆ.
ಅಲ್ಲೂ ಒಂದು ಗುಳ್ಳೆ ಇತ್ತು.
ನಿನ್ನೆ ರಾತ್ರಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಚಿಗೆ ಓಡಿಸಿದೆ.

ಇವತ್ತು ಅದರ ಮೊದಲ ಮುಳುಗು.
ಅದಕ್ಕೇ ಹೇಳುತ್ತಿದ್ದೇನೆ, ನೂರ ಐದನ್ನೇ ಹಾಕಿ.
ಒಂದು ಮೊಳ ಹಿಂದೆ ನಿಂತರೆ
ಕುದುರೆಗೂ ನಿಮಗೂ ನಡುವೆ
ನನ್ನ ತಲೆಗೂ ಜಾಗ ಉಳಿಯುತ್ತದೆ.